ಮೂರನೇ ಕಿಟಕಿಯ ಸೀಟು

ಕವಲಂದೆಯ ಚಿಕ್ಕಸ್ವಾಮಿ ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರಿಯಲ್ಲಿ ಒಂದೇ ಒಂದು ಕೆಲಸವನ್ನು ಚೆನ್ನಾಗಿ ಕಲಿತಿದ್ದ. ಅದಕ್ಕೂ ಕಚೇರಿಗೂ ಏನೇನೂ ಸಂಬಂಧವಿರಲಿಲ್ಲ. ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅದರ ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ, ಮೂರನೇ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯುವ ಕೆಲಸ ಅದು. ಅವನ ಕಚೇರಿ ಇದ್ದದ್ದು ತಿ. ನರಸೀಪುರದಲ್ಲಿ. ಬೆಳಿಗ್ಗೆ ಕವಲಂದೆಯಿಂದ ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಳಿದು ನರಸೀಪುರಕ್ಕೆ ಇನ್ನೊಂದು. ಸಂಜೆ ಅದೇ ದಾರಿ ಉಲ್ಟಾ. 'ನಾನು ಗುಮಾಸ್ತ ಅಲ್ಲ ಕಣ್ರೀ, ಸಂಬಳ ತಕ್ಕೊಳೋ ಪ್ಯಾಸೆಂಜರ್ರು' ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ಕೇಳಿದವರು ಮೊದಲ ವರ್ಷ ನಕ್ಕಿದ್ದರು.

ಮೂರನೇ ಕಿಟಕಿಯೇ ಯಾಕೆ ಎಂದು ಯಾರೂ ಅವನನ್ನು ಕೇಳಬಾರದು. ಕೇಳಿದರೆ ಹತ್ತು ನಿಮಿಷ ಹೋಯಿತು. ಮುಂದಿನ ಎರಡು ಸಾಲು ಹೆಂಗಸರದ್ದು, ಹಿಂದಕ್ಕೆ ಹೋದರೆ ಚಕ್ರದ ಕುಲುಕಾಟ, ಬಲಗಡೆ ಕೂತರೆ ಬಿಸಿಲು, ಬಾಗಿಲ ಹತ್ತಿರ ಕೂತರೆ ಇಳಿಯುವವರ ಚೀಲವೆಲ್ಲ ಮೂತಿಗೆ. ಮಗಳು ಮಧುಶ್ರೀಯನ್ನು ನೋಡಲು ಬಂದಿದ್ದ ಬೀಗರಿಗೂ ಇದನ್ನೆಲ್ಲ ವಿವರಿಸಿದ್ದ. ಹುಡುಗಿ ಕಾಫಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು, ಇವನು ಬಲಗಡೆ ಬಿಸಿಲಿನವರೆಗೂ ಬಂದಿದ್ದ. ಆದರೂ ಆ ಸಂಬಂಧ ಕುದುರಿತು. ಗಂಡಿನ ಅಪ್ಪನೂ ದಿನಾ ಬಸ್ಸಿನಲ್ಲಿ ಓಡಾಡುವವನಾಗಿದ್ದು ಅದೃಷ್ಟ.

ಹೆಂಗಸರಿಗೆ ಟಿಕೆಟ್ಟು ಫ್ರೀ ಆದ ಮೇಲೆ ಬಸ್ಸುಗಳು ತುಂಬಿ ತುಳುಕತೊಡಗಿದವು. ಟವೆಲ್ಲಿಗಿದ್ದ ಮರ್ಯಾದೆ ಹೋಯಿತು. 'ಯಾರ್ದಪ್ಪಾ ಇದು ಬಟ್ಟೆ' ಎಂದು ಅದನ್ನು ಮಡಿಸಿ ಮೇಲಿಟ್ಟು ಆರಾಮಾಗಿ ಕೂರುವವರು ಹೆಚ್ಚಾದರು. ಚಿಕ್ಕಸ್ವಾಮಿ ಸೋಲುವ ಪೈಕಿಯೇ? ಟವೆಲ್ಲಿನ ಬದಲು ಛತ್ರಿ ಎಸೆದ. ಛತ್ರಿಯ ನಂತರ ಊಟದ ಚೀಲ ಎಸೆದ, ಒಮ್ಮೆ ಅದರೊಳಗಿನ ಸಾರು ಯಾರದೋ ರೇಷ್ಮೆ ಸೀರೆಗೆ ಸೇರಿ ಸುತ್ತೂರಿನವರೆಗೂ ಬೈಸಿಕೊಂಡ. ಕೊನೆಗೆ, ಬೈಕೇ ಇಲ್ಲದವನು, ಸೀಟು ಹಿಡಿಯುವುದಕ್ಕೆಂದೇ ಒಂದು ಹಳೇ ಹೆಲ್ಮೆಟ್ಟು ಸಂಪಾದಿಸಿಕೊಂಡ. ಹೆಲ್ಮೆಟ್ಟಿಗೆ ಜನ ಒಂದಿಷ್ಟು ಹೆದರುತ್ತಿದ್ದರು.

ಹೀಗಿರುವಾಗ ಅವನ ಇಲಾಖೆಯ ನಂಜನಗೂಡು ಕಚೇರಿಯಲ್ಲಿ ಒಂದು ಹುದ್ದೆ ಖಾಲಿಯಾಯಿತು. ಅದು ಸಿಕ್ಕಿಬಿಟ್ಟರೆ ಎರಡನೇ ಬಸ್ಸಿನ ಕಾಟವೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಾಕು, ಸಂಜೆ ಕತ್ತಲಾಗುವ ಮೊದಲೇ ಹೆಂಡತಿ ಸಾಕಮ್ಮನ ಕೈಯ ಕಾಫಿ. ಹದಿನಾಲ್ಕು ವರ್ಷದಿಂದ ಅರ್ಜಿ ಹಾಕಿ ಹಾಕಿ ಕಾದಿದ್ದು ಇದಕ್ಕೇ. ಆದರೆ ಈ ಸಲ ವರ್ಗಾವಣೆ ಕೊಡುವುದು ಅನಾರೋಗ್ಯದ ಕಾರಣವಿದ್ದವರಿಗೆ ಮಾತ್ರ ಎಂದು ಸುತ್ತೋಲೆ ಬಂತು. ಚಿಕ್ಕಸ್ವಾಮಿ ಒಂದು ರಾತ್ರಿ ಮಲಗಿ ಯೋಚಿಸಿದ. ಬೆಳಿಗ್ಗೆ ಏಳುವಾಗ ಅವನಿಗೆ ಬೆನ್ನುನೋವು ಬಂದಿತ್ತು.

ಮೊದಲನೇ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, 'ನಿಮ್ಮ ವಯಸ್ಸಿಗೆ ಇಂಥ ಬೆನ್ನು ಅಪರೂಪ ಕಣ್ರೀ' ಎಂದು ಖುಷಿಪಟ್ಟರು. ಎರಡನೇ ಡಾಕ್ಟರು ಪರಿಚಯದವರು. 'ಇಪ್ಪತ್ತೆರಡು ವರ್ಷಗಳಿಂದ ಬಸ್ಸಿನಲ್ಲಿ ನಿಂತು ಪ್ರಯಾಣಿಸಿದ್ದರಿಂದ ಬೆನ್ನುಮೂಳೆ ಸವೆದಿದ್ದು, ಇನ್ನು ಮುಂದೆ ನಿಂತು ಪ್ರಯಾಣಿಸುವಂತಿಲ್ಲ' ಎಂದು ಬರೆದುಕೊಟ್ಟರು. ಓದಿ ಚಿಕ್ಕಸ್ವಾಮಿಗೆ ತನ್ನ ಮೇಲೆಯೇ ಕನಿಕರ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವನು ನಿಂತ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. 'ನಿಂತಿದ್ರೆ ತಾನೇ ಬೆನ್ನು ಓಗಾದು' ಎಂದು ಸಾಕಮ್ಮ ಒಲೆ ಮುಂದಿನಿಂದಲೇ ಅಂದಳು. ಇವನು ಕೇಳಿಸಿಕೊಂಡೂ ಕೇಳಿಸದವನಂತೆ ಸರ್ಟಿಫಿಕೇಟನ್ನು ಮಡಿಸಿಟ್ಟ.

ಇನ್ನು ಬೇಕಾಗಿದ್ದದ್ದು ಕಚೇರಿಯ ಸೂಪರಿಂಟೆಂಡೆಂಟ್ ರಂಜಿನಿ ಮೇಡಂ ಅವರ ಷರಾ ಒಂದೇ. ನರಸೀಪುರದ ದಾರಿಯಲ್ಲೇ ಸಿಗುವ ಹದಿನಾರು ಎಂಬ ಊರಿನ ಸೊಸೆ, ದಿನಾ ಅಲ್ಲಿಂದಲೇ ಇದೇ ಬಸ್ಸು ಹತ್ತಿ ಬರುವವರು. ನೇರ ಹೆಂಗಸು. 'ನಾಳೆ ಮಗನ ಸ್ಕೂಲಲ್ಲಿ ಮೀಟಿಂಗಿದೆ, ನಾನು ಬರೋದೇ ಹನ್ನೊಂದಕ್ಕೆ. ಎಕ್ಸ್‌ರೇ, ಸರ್ಟಿಫಿಕೇಟು ಎಲ್ಲಾ ಒರಿಜಿನಲ್ಲೇ ತನ್ನಿ. ನೋಡಿ ಬರೀತೀನಿ. ನಾಳೆಯೇ ಕೊನೇ ದಿನ, ಹನ್ನೆರಡರ ಟಪಾಲು ತಪ್ಪಿತೋ, ನಾನೇನೂ ಮಾಡಕ್ಕಾಗಲ್ಲ' ಎಂದಿದ್ದರು.

ಮಾರನೇ ದಿನ ಚಿಕ್ಕಸ್ವಾಮಿ ಹೆಲ್ಮೆಟ್ಟನ್ನು ಮನೆಯಲ್ಲೇ ಬಿಟ್ಟ. ಕೈಯಲ್ಲಿ ದೊಡ್ಡ ಎಕ್ಸ್‌ರೇ ಕವರು, ಅದರೊಳಗೆ ಅರ್ಜಿ, ಸರ್ಟಿಫಿಕೇಟು, ಅವನ ನೌಕರಿಯ ಉಳಿದ ಎಂಟು ವರ್ಷ. ನಂಜನಗೂಡು ಸ್ಟ್ಯಾಂಡಿನಲ್ಲಿ ಎಂದಿನ ಜಾಗದಲ್ಲಿ ಎಂದಿನ ಹೊತ್ತಿಗೆ ನಿಂತ. ಕೆಂಪು ಬಸ್ಸು ಒಳಗೆ ತಿರುಗಿತು. ಕಾಲು ತಾನಾಗಿಯೇ ನಾಲ್ಕು ಹೆಜ್ಜೆ ಓಡಿತು, ಕೈ ತಾನಾಗಿಯೇ ಮೇಲೆದ್ದಿತು, ಕವರು ಮೂರನೇ ಕಿಟಕಿಯಲ್ಲಿ ಅಚ್ಚುಕಟ್ಟಾಗಿ ಒಳಕ್ಕೆ ಹೋಗಿ ಸೀಟಿನ ಮೇಲೆ ಬಿತ್ತು. ಆಹಾ, ಎಂಥ ಗುರಿ! ಬಾಗಿಲ ಬಳಿಯ ನೂಕುನುಗ್ಗಲಿಗೆ ಬಂದು ಸೇರುವ ತನಕ ಅವನು ತನ್ನ ಗುರಿಯನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ.

ಆಗ ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿ, 'ಚಾಮರಾಜನಗರ, ಚಾಮರಾಜನಗರ!' ಎಂದು ಕೂಗಿದ.

ಇಪ್ಪತ್ತೆರಡು ವರ್ಷದಲ್ಲಿ ಚಿಕ್ಕಸ್ವಾಮಿ ಬಸ್ಸಿನ ಕಿಟಕಿ ನೋಡಿದ್ದನೇ ಹೊರತು ಬೋರ್ಡು ನೋಡಿದವನಲ್ಲ. ನರಸೀಪುರದವರೆಲ್ಲ ಹಿಂದಕ್ಕೆ ಸರಿದರು, ಚಾಮರಾಜನಗರದವರೆಲ್ಲ ಮುಂದಕ್ಕೆ ನುಗ್ಗಿದರು, ಇವನು ನಡುವೆ ಸಿಕ್ಕಿ ಹಣ್ಣಾದ. 'ಸಾ, ಕವರು! ನನ್ ಕವರು!' ಎಂದು ಬಡಿದುಕೊಂಡ. ಆ ಗಲಾಟೆಯಲ್ಲಿ ಅದು ಯಾರ ಕಿವಿಗೆ ಬೀಳಬೇಕು? ಬಾಗಿಲು ಹಾಕಿಕೊಂಡಿತು, ಬಸ್ಸು ಹೊರಟಿತು. ಹದಿನಾಲ್ಕು ವರ್ಷ ಕಾದ ವರ್ಗಾವಣೆ ಮೂರನೇ ಕಿಟಕಿಯ ಪಕ್ಕ ಕೂತುಕೊಂಡು ಹೋಯಿತು. ಅವನಿಗೆ ಎದೆ ಬಡಿದುಕೊಂಡು ಅಳಬೇಕು ಅನ್ನಿಸಿತು.

ಪುಣ್ಯಕ್ಕೆ ಚಾಮರಾಜನಗರದ ಬಸ್ಸು ಹೋಗುವುದು ಕವಲಂದೆಯ ಮೇಲೆಯೇ. ಸಾಕಮ್ಮನಿಗೆ ಫೋನು ಹಚ್ಚಿದ.

'ಏನು, ಎಸೆದ್ಬುಟ್ರಾ? ಆ ಕವರ್ನೇ?'

'ಊಂ ಕಣೇ. ಮೂರನೇ ಕಿಟಕಿ. ಎಡಗಡೆ.'

'ಅಯ್ಯೋ ನಿಮ್ ಕೈಗಿಷ್ಟು ಬೆಂಕಿ ಹಾಕ!' ಎಂದಳು ಸಾಕಮ್ಮ. 'ನಿಮ್ನೂ ಯಾರಾದ್ರೂ ಎತ್ತಿ ಎಸೀಬಾರ್ದಾ ಒಂದಿನ? ಮಡಗಿ ಫೋನ. ಬತ್ತೀನಿ.'

ಡೈರಿಗೆ ಹಾಲು ಹಾಕಿ ಬಂದು ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಇನ್ನೂ ಬಿಚ್ಚಿರದ ಸಾಕಮ್ಮ ಹಾಗೇ ರಸ್ತೆಗೆ ಬಂದು, ಬಸ್ಸಿಗೆ ಎರಡು ಕೈಯನ್ನೂ ಅಡ್ಡ ಹಿಡಿದು ನಿಲ್ಲಿಸಿದಳು. ಆಮೇಲೆ ಎದುರು ಬಂದ ಬಸ್ಸು ಹತ್ತಿ ನಂಜನಗೂಡಿಗೆ ಬಂದಳು. ಅಲ್ಲಿಯವರೆಗೆ ಚಿಕ್ಕಸ್ವಾಮಿ ಸ್ಟ್ಯಾಂಡಿನ ಗಡಿಯಾರವನ್ನೂ ತನ್ನ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತಿದ್ದ. ಹತ್ತು ಹೊಡೆಯಲು ಐದು ನಿಮಿಷವಿದ್ದಾಗ ಸಾಕಮ್ಮ ಇಳಿದು ಕವರನ್ನು ಅವನ ಎದೆಗೆ ಒತ್ತಿದಳು. ಅವನಿಗೆ ಅವಳನ್ನು ಅಲ್ಲೇ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಅವಳು ಮಾತ್ರ ನಗಲಿಲ್ಲ.

'ಬಸ್ಸು ತುಂಬೋಗಿತ್ತು' ಎಂದಳು. 'ಒಂಟಿಕಾಲಲ್ಲಿ ನಿಂತಿದ್ರು ಜನ. ನಿಮ್ ಸೀಟು ಮಾತ್ರ ಖಾಲಿ.'

'ಖಾಲಿನಾ? ಯಾರೂ ಕೂತಿರ್ಲಿಲ್ವಾ?'

'ಎಕ್ಸ್‌ರೇ ನೋಡವ್ರೆ. ಯಾರೋ ಪೇಸೆಂಟು ಜಾಗ ಹಿಡ್ದು ಹಿಂದೆ ಎಲ್ಲೋ ಸಿಕ್ಕಾಕಂಡವ್ನೆ, ಬತ್ತಾನೆ ಅಂತ ಹಂಗೇ ಬುಟ್ಟವ್ರೆ. ಪಕ್ಕದಲ್ಲೇ ಒಂದು ಮುದುಕಿ ಊರುಗೋಲು ಊರ್ಕಂಡು ನಿಂತಿತ್ತು. ನಾನು ಒಳಕ್ಕೋಗಿ ಕವರು ಎತ್ಕಂಡ್ರೆ, ಆಯಮ್ಮ ನನ್ ಕೈ ಹಿಡ್ಕಂಡು, ನೀನೇನವ್ವಾ ಪೇಸೆಂಟು, ಕುಂತ್ಕೋ ಮಗಾ, ನಿಂಗೇ ಮಡಗಿದೀವಿ ಅಂತು.' ಸಾಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. 'ನನ್ ಗಂಡುಂಗೆ ಯಾವ ರೋಗಾನೂ ಇಲ್ಲ ಅಂತ ಎಂಗೆ ಹೇಳ್ಲಿ ಆಯಮ್ಮಂಗೆ?'

ಇಷ್ಟು ಹೇಳಿ ಅವಳು ಕವಲಂದೆಯ ಬಸ್ಸು ನಿಲ್ಲುವ ಕಡೆ ಹೊರಟುಹೋದಳು. ಅವಳು ಬೈದಿದ್ದರೆ ಚಿಕ್ಕಸ್ವಾಮಿ ತಡೆದುಕೊಳ್ಳುತ್ತಿದ್ದ. ಬೈಸಿಕೊಳ್ಳುವುದು ಅವನಿಗೆ ರೂಢಿ. ಇದು ಬೇರೆಯಾಗಿತ್ತು. ಇಷ್ಟು ವರ್ಷ ಅವನು ಬಸ್ಸಿನ ಜನರನ್ನೆಲ್ಲ ಸೀಟಿನ ಕಳ್ಳರೆಂದೇ ತಿಳಿದಿದ್ದ, ಅವರನ್ನು ಹೆದರಿಸಲೆಂದೇ ಹೆಲ್ಮೆಟ್ಟು ಹೊತ್ತು ತಿರುಗಿದ್ದ. ನಾಚಿಕೆಯಾಗಿ ಅವನ ಕಿವಿ ಬಿಸಿಯಾಯಿತು.

ಹತ್ತೂ ಹತ್ತರ ನರಸೀಪುರದ ಬಸ್ಸು ಬಂತು. ಈ ಸಲ ಬೋರ್ಡನ್ನು ಎರಡು ಸಲ ಓದಿದ. ಏನನ್ನೂ ಎಸೆಯಲಿಲ್ಲ. ಕವರನ್ನು ಎದೆಗವಚಿಕೊಂಡು ಎಲ್ಲರ ಹಾಗೆ ಬಾಗಿಲಿನಿಂದ ಹತ್ತಿದ, ಎಲ್ಲರ ಹಾಗೆ ಸೀಟು ಸಿಗದೆ ನಿಂತ. ಅರ್ಧ ನಿಮಿಷವೂ ಆಗಿರಲಿಲ್ಲ, ಪಕ್ಕದ ಸೀಟಿನಲ್ಲಿದ್ದ ಹೆಂಗಸೊಬ್ಬಳು ಕವರು ನೋಡಿ ಎದ್ದುಬಿಟ್ಟಳು.

'ಬಾ ಅಣ್ಣ, ಕುಂತ್ಕೋ. ಬೆನ್ನಿಂದಾ ಫೋಟ?'

'ಊಂ' ಎಂದ ಚಿಕ್ಕಸ್ವಾಮಿ. ಸುಳ್ಳೇನಲ್ಲವಲ್ಲ, ಫೋಟೋ ಬೆನ್ನಿನದೇ. ಕೂತ. ರೂಢಿ ಅಂದರೆ ಅದು.

ಅವಳ ಹೆಸರು ರಾಣಿ ಎಂದು ಅವಳ ಕೊರಳಲ್ಲಿ ನೇತಾಡುತ್ತಿದ್ದ ಫ್ಯಾಕ್ಟರಿಯ ಗುರುತಿನ ಚೀಟಿ ಹೇಳುತ್ತಿತ್ತು. ರಾತ್ರಿ ಪಾಳಿ ಮುಗಿದ ಮೇಲೂ ಓಟಿ ಮಾಡಿ, ಈಗ ಊರಿಗೆ ಹೊರಟಿದ್ದಾಳೆಂದು ಪಕ್ಕದವಳ ಜೊತೆ ಆಡಿದ ಮಾತಿನಿಂದ ತಿಳಿಯಿತು. 'ರಾತ್ರಿಯಿಂದ ನಿಂತೇ ಅವ್ನಿ ಕಣಕ್ಕಾ, ಪ್ಯಾಕಿಂಗಲ್ಲಿ ಕೂರಂಗಿಲ್ವಲ್ಲ' ಎಂದು ಹೇಳಿ ನಕ್ಕಳು. ಆಮೇಲೆ ಕಂಬಿ ಹಿಡಿದುಕೊಂಡೇ ಅವಳಿಗೆ ತೂಕಡಿಕೆ ಹತ್ತಿತು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಹಣೆ ಕಂಬಿಗೆ ಬಡಿಯುವುದು, ಕಣ್ಣು ಬಿಡುವುದು, ಮತ್ತೆ ಮುಚ್ಚುವುದು.

ಚಿಕ್ಕಸ್ವಾಮಿ ಕಿಟಕಿಯ ಹೊರಗೆ ನೋಡಿದ. ಗದ್ದೆಗಳು ಕಂಡವು. ಮೊಬೈಲು ನೋಡಿದ. ಮೂರನೇ ಸಲ ಅವಳ ಹಣೆ ಬಡಿದಾಗ ಅವನಿಗೆ ತಡೆಯಲಾಗಲಿಲ್ಲ, ಎದ್ದುನಿಂತ.

'ಏಳವ್ವಾ, ಕೂತ್ಕೋ.'

'ಅಯ್ಯೋ ಬ್ಯಾಡ ಅಣ್ಣ, ನೀನು ಪೇಸೆಂಟು.'

'ಯಾವ ಪೇಸೆಂಟೂ ಇಲ್ಲ, ಗೀಸೆಂಟೂ ಇಲ್ಲ. ಗುಂಡುಕಲ್ಲು ಇದ್ದಂಗವ್ನಿ. ಕೂತ್ಕೋ ತಾಯಿ, ನಿನ್ ದಮ್ಮಯ್ಯ.'

ರಾಣಿ ಕೂತಳು, ಕೂತ ಮರುಕ್ಷಣವೇ ನಿದ್ದೆ ಹೋದಳು. ಚಿಕ್ಕಸ್ವಾಮಿ ಎರಡು ಕಾಲು ಅಗಲಿಸಿ, ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಕವರು ಹಿಡಿದು ನಿಂತ. ಏನೋ ಒಂಥರಾ ಹಗುರಾಯಿತು. ಇಷ್ಟು ಸುಲಭವಿದ್ದದ್ದಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತಲ್ಲೋ ಮುಠ್ಠಾಳ ಎಂದು ತನ್ನನ್ನೇ ಬೈದುಕೊಂಡ. ಹದಿನಾರಿನಲ್ಲಿ ಜನ ಹತ್ತಿದರು, ಇವನು ಇನ್ನಷ್ಟು ಒಳಕ್ಕೆ ತಳ್ಳಿಸಿಕೊಂಡ. ಸುತ್ತೂರಿನಲ್ಲಿ ಒಂದು ಮಗುವಿನ ಚೀಲವನ್ನೂ ಭುಜಕ್ಕೆ ಹಾಕಿಕೊಂಡ. ಹೊಸದಾಗಿ ನಿಲ್ಲಲು ಕಲಿತವನ ಉತ್ಸಾಹ.

ನರಸೀಪುರದಲ್ಲಿ ಎಲ್ಲರೂ ಇಳಿಯುವಾಗ, ಮುಂದಿನ ಬಾಗಿಲಿನ ಹತ್ತಿರದಿಂದ ರಂಜಿನಿ ಮೇಡಂ ಎದ್ದರು. ಹದಿನಾರಿನಲ್ಲಿ ಹತ್ತಿದವರು ಅವರು. ಅಲ್ಲಿಂದ ಇಲ್ಲಿಯವರೆಗೆ, ಡ್ರೈವರಿನ ತಲೆ ಮೇಲಿನ ದೊಡ್ಡ ಕನ್ನಡಿಯಲ್ಲಿ, ಕಂಬಿ ಹಿಡಿದು ಚೀಲ ಹೊತ್ತು ಹಲ್ಲುಕಿರಿಯುತ್ತಿದ್ದ ತಮ್ಮ ಗುಮಾಸ್ತನನ್ನು ನೋಡುತ್ತಲೇ ಬಂದಿದ್ದರು. ಅವರನ್ನು ಕಂಡ ಚಿಕ್ಕಸ್ವಾಮಿ ಚೀಲವನ್ನು ಭುಜದಿಂದ ಗಡಬಡಿಸಿ ಇಳಿಸಿದ.

ಕಚೇರಿಯಲ್ಲಿ ಅವರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು. ಸರ್ಟಿಫಿಕೇಟನ್ನು ಓದಿದರು, 'ನಿಂತು ಪ್ರಯಾಣಿಸುವಂತಿಲ್ಲ' ಎಂಬಲ್ಲಿ ಅವರ ಬೆರಳು ನಿಂತಿತು. ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ.

'ಆ ಹೆಂಗಸು ಯಾರು ಚಿಕ್ಕಸ್ವಾಮಿ? ನೀವು ಕೈಮುಗಿದು ಕೂರಿಸಿದ್ರಂತಲ್ಲ. ನನ್ ಪಕ್ಕದಲ್ಲಿದ್ದವರು ಹೇಳಿದ್ರು.'

'ಗೊತ್ತಿಲ್ಲ ಮೇಡಂ. ರಾತ್ರಿಯೆಲ್ಲ ನಿಂತಿದ್ಲಂತೆ.'

ಮೇಡಂ ಪೆನ್ನು ತೆಗೆದರು. ಬರೆಯಲಿಲ್ಲ. ಅವರಿಗೂ ಸಂಕಟವಿತ್ತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

'ನೋಡಿ, ಇದರಲ್ಲಿ ಇರೋದು ನಿಜ ಅಂತ ನಾನು ಸಹಿ ಹಾಕಬೇಕು. ನೀವು ಒಂದು ಮಾತು ಹೇಳಿದ್ರೆ ನಾನು ನೋಡಿದ್ದನ್ನ ಮರೀತೀನಿ, ನಿಮ್ಮ ಮಾತು ನಂಬಿ ಬರೀತೀನಿ. ಹೇಳಿ. ಬೆನ್ನು ಹೇಗಿದೆ?'

ಚಿಕ್ಕಸ್ವಾಮಿ ಬಾಯಿ ತೆರೆದ. ಅವನ ಬೆನ್ನು ನೋಯುತ್ತಿತ್ತು. ನಿಜವಾಗಿಯೂ ನೋಯುತ್ತಿತ್ತು. ಅಭ್ಯಾಸವಿಲ್ಲದೆ ಅಷ್ಟು ದೂರ ನಿಂತು ಬಂದದ್ದಕ್ಕೆ ಸೊಂಟದಿಂದ ಕುತ್ತಿಗೆಯವರೆಗೆ ಚಳುಕು ಹೊಡೆಯುತ್ತಿತ್ತು, ಮೇಜು ಹಿಡಿದುಕೊಳ್ಳದೆ ನೆಟ್ಟಗೆ ನಿಲ್ಲುವುದೂ ಕಷ್ಟವಾಗಿತ್ತು. ಹೊರಗೆ ಟಪಾಲಿನವನು ಚೀಲ ಕಟ್ಟುತ್ತಿದ್ದ.

'ಚೆನ್ನಾಗಿದೆ ಮೇಡಂ' ಎಂದ ಚಿಕ್ಕಸ್ವಾಮಿ.