ಕೋಠಿಯ ಮುಂದಿನ ಅಂಗಳ

ಹರೆಯದಿಂದ ಗೋದಾಮು ಕಾದ ಮನುಷ್ಯ ಮಾತನ್ನೂ ಮೂಟೆಯ ಹಾಗೆಯೇ ಕಾಯುತ್ತಾನೆ. ಚೀಟಿ ತೋರಿಸದೆ ಒಂದನ್ನೂ ಹೊರಗೆ ಬಿಡುವುದಿಲ್ಲ. ಅಂಥವರೇ ಒಬ್ಬರನ್ನು ಓಣಿಯವರು ಬೀಗದಣ್ಣ ಅಂತಲೇ ಕರೆಯುತ್ತಿದ್ದರು. ಮಾಲು ಇಳಿಸಲು, ಏರಿಸಲು ಯಂತ್ರಗಳು ಬಂದ ಮೇಲೆ ಮಾಲೀಕರು, 'ಇನ್ನು ಆರಾಮಾಗಿರಿ' ಅಂತ ನಯವಾಗಿ ಹೇಳಿ ಕೀಲಿಗೊಂಚಲು ಇಸಿದುಕೊಂಡರು. ಆರಾಮು ಅನ್ನುವ ಸರಕು ಅವರ ಗೋದಾಮಿಗೆ ಯಾವತ್ತೂ ಬಂದಿರಲಿಲ್ಲ. ಅದನ್ನು ಎಲ್ಲಿ ಇಳಿಸಿಕೊಳ್ಳಬೇಕೋ ತಿಳಿಯಲಿಲ್ಲ. ಅಂದಿನಿಂದ ಬಾಯಿಗೇ ಬೀಗ.

ಸೊಸೆ ಮನೆ ತುಂಬಿದ್ದು ಅದಾದ ಮೇಲೆ. 'ಊಟ ಆಯ್ತಾ ಮಾವ?' ಅಂದರೆ ಹ್ಞೂಂ. 'ಬಡಿಸ್ಲಾ?' ಅಂದರೂ ಹ್ಞೂಂ.

'ನಾನಂದ್ರೆ ಅವರಿಗೆ ಆಗಲ್ವೇನ್ರೀ?' ಅಂತ ಗಂಡನನ್ನು ಕೇಳಿದಳು.

'ನನಗೂ ಅಷ್ಟೇ ಕಣೆ ಸಿಗೋದು. ನಿಂಗೆ ಒಂದು ಹ್ಞೂಂ ಜಾಸ್ತಿನೇ ತೂಗ್ತಿದಾರೆ.'

ಅವಳಿಗೆ ನಗು ಬರಲಿಲ್ಲ. ತನಗೆ ಅಂತಲೇ ಆಡಿದ ಒಂದು ಮಾತು ಆ ಬಾಯಿಂದ ಬರಲಿ ಅಂತ ಅವಳ ಆಸೆ.

ಒಂದು ರಜೆಯ ಮಧ್ಯಾಹ್ನ ನಡುಮನೆಯ ಕಂಪ್ಯೂಟರಿನಲ್ಲಿ ಹಳೇ ಕಾಲದ ರಾಜ್ಯ ಕಟ್ಟುವ ಆಟ ಆಡುತ್ತಿದ್ದಳು. ಹೊಲ, ಗಣಿ, ಕೋಟೆ ಎಲ್ಲ ಕಟ್ಟಿ ಮುಗಿದು ಆಟ ಕೊನೆಯ ಘಟ್ಟಕ್ಕೆ ಬಂದಿತ್ತು. ವ್ಯಾಪಾರದ ಕೋಠಿ, ಅಂದರೆ ಮಾಲು ಬಂದು ಸೇರುವ ದೊಡ್ಡ ಮಳಿಗೆ, ಕಟ್ಟಲು ಸಿಗುವುದೇ ಆಗ. ಒಮ್ಮೆ ಕಟ್ಟಿಬಿಟ್ಟರೆ ಸಾಕು, ಯಾರೂ ಮೈ ಬಗ್ಗಿಸದೆ ಧಾನ್ಯ, ಮರ, ಕಲ್ಲು, ಚಿನ್ನ ತಾವಾಗಿಯೇ ಬಂದು ಬೀಳುತ್ತವೆ. ಎಂಥ ವ್ಯಾಪಾರಿಯೂ ದೇವರ ಹತ್ತಿರ ಬಾಯಿಬಿಟ್ಟು ಕೇಳಲು ನಾಚುವಂಥ ಸವಲತ್ತು.

ಅವಳು ಕೋಠಿಯನ್ನು ಊರಿನ ಗೋಡೆಗೆ ಒತ್ತಿ ಕೂರಿಸುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

'ಗಾಡಿ ಎಲ್ಲಿ ತಿರುಗುತ್ತೆ?'

ಅವಳ ಕೈ ನಿಂತೇಹೋಯಿತು. 'ಇದಕ್ಕೆ ಗಾಡಿ ಬರಲ್ಲ ಮಾವ. ಮಾಲು ತಾನೇ ಬರುತ್ತೆ.'

'ತಾನೇ ಬರೋ ಮಾಲು ನಾ ಎಲ್ಲೂ ಕಂಡಿಲ್ಲಮ್ಮ. ಬಾಗಿಲ ಮುಂದೆ ಜಾಗ ಬಿಡು.' ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಜಾಗ ಬಿಡಬೇಕಾದರೆ ಗೋಡೆ ಒಡೆಯಬೇಕು. ಗೋಡೆಯ ಆಚೆಗೇ ಶತ್ರುವಿನ ದಂಡು. ಅದನ್ನು ಹೇಳಿದರೆ ಮತ್ತೆ ಬೀಗ ಬಿದ್ದೀತು. ಹಾಳಾಗಿ ಹೋಗಲಿ ರಾಜ್ಯ ಅಂತ ಒಡೆದಳು.

'ಇನ್ನೊಂಚೂರು. ಎರಡು ಗಾಡಿ ಎದುರುಬದುರು ಬಂದ್ರೆ?'

ಇನ್ನೊಂಚೂರು ಒಡೆದಳು. ಅಂಗಳ ಲಕ್ಷಣವಾಗಿಯೇ ಆಯಿತು. ಗಾಡಿಗಳೇನೋ ಬರಲಿಲ್ಲ, ಶತ್ರುವಿನ ಕುದುರೆಗಳು ಬಂದವು. ತಿರುಗಲು ಅವಕ್ಕೆ ಬಹಳ ಅನುಕೂಲವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೋಠಿ ಹೊತ್ತಿ ಉರಿಯಿತು, ಹಿಂದೆಯೇ ಕೋಟೆಯೂ.

ಬೀಗದಣ್ಣ ಪರದೆ ನೋಡುತ್ತಾ ಕೂತರು. ಮುಖ ಸಣ್ಣದಾಗಿತ್ತು. 'ನನ್ನಿಂದ ಹೋಯ್ತೇನಮ್ಮ?'

ಇಲ್ಲ ಅನ್ನಬಹುದಿತ್ತು. ಆದರೆ ಇಷ್ಟು ದಿನಕ್ಕೆ ತೆರೆದ ಬಾಗಿಲಲ್ಲಿ ಮೊದಲ ಮೂಟೆಯೇ ಸುಳ್ಳಿನದಾಗುವುದು ಅವಳಿಗೆ ಬೇಡವಾಯಿತು.

'ಹೂಂ ಮಾವ. ಪೂರ್ತಿ ನಿಮ್ಮಿಂದ್ಲೇ.'

ಅವರು ನಕ್ಕರು. ಆ ಸದ್ದಿಗೆ ಮನೆಯಲ್ಲಿ ಏನೋ ಬಿದ್ದು ಒಡೆಯಿತು ಅಂದುಕೊಂಡು ಮಗ ಒಳಗಿಂದ ಓಡಿಬಂದ.

'ಏನಿಲ್ಲ ಹೋಗೋ, ನಮಗೆ ಕೆಲಸ ಇದೆ,' ಅಂದರು ಬೀಗದಣ್ಣ. ಆಮೇಲೆ ಸೊಸೆಗೆ, 'ಮತ್ತೆ ಶುರು ಮಾಡು ತಾಯಿ. ಅಂಗಳ ಇರ್ಲಿ, ಅದಕ್ಕೊಂದು ಬಾಗಿಲು ಇಡು. ಬಾಗಿಲು ನಾ ನೋಡ್ಕೋತೀನಿ.'

ಅವಳು ತನ್ನ ಕುರ್ಚಿಯನ್ನು ಒಂಚೂರು ಆಚೆ ಸರಿಸಿದಳು. ಅವರ ಕುರ್ಚಿ ತಿರುಗಲೂ ಜಾಗ ಬೇಕಲ್ಲ.