ಕಥೆ ಬರೆಯುತ್ತಿದ್ದ ಟೀಚರ್

ಮಾಲೂರಿನ ಶಾಲೆಯಲ್ಲಿ ನನ್ನ ಜೊತೆ ಕನ್ನಡ ಕಲಿಸುತ್ತಿದ್ದ ಹಿರಿಯ ಟೀಚರ್ ಒಬ್ಬರು ಕಥೆ ಬರೆಯುತ್ತಿದ್ದರು. ಊಟದ ಬಿಡುವಿನಲ್ಲಿ, ಎಡಗೈಯಿಂದ ಹಾಳೆಯನ್ನು ಮರೆಮಾಡಿಕೊಂಡು ಬರೆಯುವುದು ಅವರ ಅಭ್ಯಾಸ. ಆ ಕಥೆಗಳಲ್ಲಿ ಹೆಂಗಸರು ಮನೆ ಬಿಟ್ಟು ಹೊರಡುತ್ತಿದ್ದರು. "ಇದು ನಿಮ್ದೇನಾ ಅಕ್ಕ?" ಎಂದು ಕೇಳಿದರೆ, "ಬರೀ ಕಥೆ ಕಣೇ" ಎಂದು ನಗುತ್ತಿದ್ದರು.

ಒಂದು ಕಥೆ ವಾರಪತ್ರಿಕೆಯಲ್ಲಿ ಬಂತು. ಅದರ ನಾಯಕಿ ತನಗೆ ಮಗು ಬೇಡವೆಂದು ಗಂಡನಿಗೆ ನೇರವಾಗಿ ಹೇಳುತ್ತಾಳೆ. ಎರಡೇ ದಿನಕ್ಕೆ ಟೀಚರ್ ಗಂಡ, ಮುಳಬಾಗಿಲಿನಲ್ಲಿದ್ದ ತಮ್ಮ ತಾಯಿಯನ್ನು ಕರೆದುಕೊಂಡು ಸ್ಟಾಫ್ ರೂಮಿಗೇ ಬಂದರು.

"ಮದ್ವೆಯಾಗಿ ಆರು ವರ್ಷ ಆಯ್ತು. ದೇವ್ರು ಕೊಡ್ಲಿಲ್ಲ ಅಂತ ಎಲ್ರಿಗೂ ಹೇಳ್ಕೊಂಡು ತಿರುಗ್ತಿದೀನಿ," ಎಂದರು ಅತ್ತೆ. "ಇದು ಬರೀ ಕಥೆ ಅಂತ ಹೇಳ್ಬಿಡಮ್ಮ, ಸಾಕು."

ಗಂಡ ಪತ್ರಿಕೆಯನ್ನು ಸುರುಳಿ ಸುತ್ತುತ್ತಿದ್ದರು. ಟೀಚರ್ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತರು.

"ಕಥೆಯಲ್ಲ ಅತ್ತೆ. ನಂಗೆ ಮಗು ಬೇಡ. ಮದ್ವೆಗೆ ಮುಂಚಿನಿಂದ್ಲೂ ಇವ್ರಿಗೆ ಹೇಳ್ತಾನೇ ಇದೀನಿ. ಪೇಪರ್‌ನಲ್ಲಿ ಬಂದ್ಮೇಲೇನೇ ಇವ್ರಿಗೆ ಕೇಳಿಸಿದ್ದು."

ಆ ತಿಂಗಳೇ ಅವರು ಸ್ಟೇಷನ್ ಹತ್ತಿರ ಒಂಟಿ ರೂಮು ಹಿಡಿದರು. ಮೊದಲ ಭಾನುವಾರ, ಒಬ್ಬರೇ ಅಳುತ್ತಿರಬಹುದೆಂದು ಹೆದರಿ ನಾನು ನೋಡಲು ಹೋದೆ. ಬೆಳಗ್ಗೆ ಹತ್ತು ಗಂಟೆಯಾಗಿತ್ತು. ಬಹಳ ಹೊತ್ತು ಬಾಗಿಲು ಬಡಿದ ಮೇಲೆ ಕಣ್ಣುಜ್ಜಿಕೊಳ್ಳುತ್ತ ಬಂದು ತೆರೆದರು. ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು.

"ರಾತ್ರಿ ಎಂಟಕ್ಕೇ ಮಲಗಿದೋಳು ಕಣೇ, ಈಗ ಎದ್ದೆ," ಎಂದು ಬಾಯಿ ತುಂಬ ಆಕಳಿಸಿದರು. ಮೂರು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವರು ಆಕಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.