ಬಿಳಿ ಚೆಂಡು ವಾಪಸ್ಸು ಬರುವವರೆಗೆ

ಹುಳುಗಳು ಜ್ವರಕ್ಕೆ ಕೂತರೆ ನನಗೆ ಬಿಡುವು. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗದೆ ಕೂತುಬಿಡುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಮಿಕ್ಕ ದಿನವೆಲ್ಲ ಸೊಪ್ಪು ಕೊಯ್ಯಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು. ಸೊಂಟ ನೆಟ್ಟಗೆ ಮಾಡಲು ಬಿಡುವ ಜೀವಗಳಲ್ಲ ಅವು. ಅವು ಜ್ವರಕ್ಕೆ ಕೂತಾಗ ನಾನು ಹಿತ್ತಲಿನ ಹಳೇ ಹುಳು ಮನೆಗೆ ಹೋಗಿ ಸ್ನೂಕರ್ ಆಡುತ್ತೇನೆ. ಶಿಡ್ಲಘಟ್ಟದ ಬಸ್ಸಿನಲ್ಲಿ ಒಮ್ಮೆ ಬಾಯಿ ತಪ್ಪಿ ಇದನ್ನು ಹೇಳಿದ್ದಕ್ಕೆ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖವನ್ನೇ ನೋಡಿ, "ಮಕ್ಳಿದಾರೇನಮ್ಮಾ?" ಎಂದು ಕೇಳಿದಳು. ಆ ಪ್ರಶ್ನೆಗೂ ಸ್ನೂಕರಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ಹೊಳೆದಿಲ್ಲ.

ಆಟ ನಿಜವಾಗಿ ನನ್ನ ಗಂಡನದು. ಅವರು ಕೆಲಸಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋಗಿಬರುತ್ತಿದ್ದರು. ಸಂಜೆ ಊರಿಗೆ ಬರುವ ದಿಬ್ಬೂರಹಳ್ಳಿಯ ಬಸ್ಸು ಹತ್ತುವ ಮುಂಚೆ ಶಿಡ್ಲಘಟ್ಟದಲ್ಲಿ ಇಳಿದು ಸ್ನೇಹಿತರೊಬ್ಬರ ಮಹಡಿ ಹತ್ತುತ್ತಿದ್ದರು. ಆ ಸ್ನೇಹಿತರದು ಗೂಡಿನಿಂದ ನೂಲು ತೆಗೆಸುವ ಕೆಲಸ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಭಾಯ್. ಕೆಳಗೆ ಗೂಡು ಬೇಯುವ ವಾಸನೆ, ಮೇಲೆ ಹಸಿರು ಬಟ್ಟೆ ಹೊದ್ದ ದೊಡ್ಡ ಟೇಬಲ್ಲು. ಇಬ್ಬರೂ ಮಾತಿಲ್ಲದೆ ಆಡುತ್ತಾರಂತೆ. ಮನೆಯಲ್ಲಿ ಇಷ್ಟು ಮಾತಾಡುವ ಮನುಷ್ಯ ಅಲ್ಲಿ ಬಾಯಿ ಮುಚ್ಚಿಕೊಂಡು ಇರುತ್ತಾರೆ ಎಂಬುದನ್ನು ನಾನು ನಂಬಿರಲಿಲ್ಲ.

ತಮ್ಮ ಮಗನ ಮದುವೆ ಗೊತ್ತಾದಾಗ ಭಾಯ್‌ಗೆ ಮಹಡಿಯಲ್ಲಿ ಕೋಣೆಗಳು ಬೇಕಾದವು. ಟೇಬಲ್ಲನ್ನು ಬಿಚ್ಚಿಸಿ, ಅದರ ಒಳಗಿನ ಕಲ್ಲಿನ ಹಲಗೆಗಳನ್ನು ಹಾಸಿಗೆಯಲ್ಲಿ ಸುತ್ತಿ, ಟ್ರ್ಯಾಕ್ಟರಿನಲ್ಲಿ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. "ಭಾಭಿ, ಮಾರೋಕೆ ಮನಸ್ಸು ಬರ್ಲಿಲ್ಲ. ಅಣ್ಣನ ಹತ್ರ ಇದ್ರೆ ನನ್ನ ಹತ್ರ ಇದ್ದಂಗೇ," ಎಂದರು. ಹೊಸ ಹುಳು ಮನೆ ಕಟ್ಟಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬರದಂತೆ ಕಿಟಕಿಗೆ ಹೊಡೆದ ಪರದೆ ಹಾಗೇ ಇತ್ತು. ಟೇಬಲ್ಲು ಅಲ್ಲಿ ಕೂತಿತು.

ಖಾಲಿ ಬಿದ್ದಿದ್ದು ನಮ್ಮ ಲೆಕ್ಕದಲ್ಲಿ, ನಮ್ಮತ್ತೆಯ ಲೆಕ್ಕದಲ್ಲಲ್ಲ. ಅವರಿಗೆ ಹುಳು ಮನೆ ಯಾವತ್ತಿದ್ದರೂ ಹುಳು ಮನೆಯೇ. ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಘಮಘಮ ಅನ್ನುವುದು ಏನನ್ನೂ ಹಚ್ಚಿಕೊಂಡು ಬರುವಂತಿಲ್ಲ. ಮೊದಲ ದಿನ ಆಡಲು ಬಂದ ಭಾಯ್ ಅತ್ತರು ಹಚ್ಚಿಕೊಂಡಿದ್ದರು. ಅತ್ತೆ ಬಾಗಿಲಲ್ಲೇ ತಡೆದರು. "ಹುಳೂಗೆ ವಾಸ್ನೆ ಆಗಲ್ಲಪ್ಪಾ."

"ಹುಳ ಎಲ್ಲಿದೆ ಅಮ್ಮಾ?"

"ಇವತ್ತಿಲ್ಲ. ರೇಪು ವಸ್ತಾಯಿ," ಎಂದರು ಅತ್ತೆ. ನಾಳೆ ಬರುತ್ತವೆ ಎಂಬುದನ್ನು ತೆಲುಗಿನಲ್ಲಿ ಹೇಳಿದರೆ ಅದಕ್ಕೆ ಎದುರು ಮಾತಿಲ್ಲ ಎಂದು ಅವರ ನಂಬಿಕೆ. ಭಾಯ್ ನಲ್ಲಿಗೆ ಹೋಗಿ ಕುತ್ತಿಗೆಗೆಲ್ಲ ಸೋಪು ಹಾಕಿ ತೊಳೆದುಕೊಂಡು ಬಂದರು.

ಭಾಯ್ ಬರುವುದು ಅಪರೂಪಕ್ಕೆ. ಮಿಕ್ಕ ದಿನ ನನ್ನ ಗಂಡ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಬ್ಬರೇ ಆಡುತ್ತಿದ್ದರು. ಅದನ್ನು ಆಟ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಬಣ್ಣದ ಚೆಂಡುಗಳೆಲ್ಲ ಡಬ್ಬದಲ್ಲೇ. ಬಿಳಿ ಚೆಂಡೊಂದನ್ನೇ ಈ ತುದಿಯ ಗೆರೆಯ ಮೇಲೆ ಇಟ್ಟು, ಟೇಬಲ್ಲಿನ ನಟ್ಟನಡುವೆ ಸಾಲಾಗಿ ಇರುವ ಕಪ್ಪು ಚುಕ್ಕೆಗಳ ಮೇಲೇ ಹಾಯುವಂತೆ ಹೊಡೆಯುವುದು. ಅದು ಆಚೆ ತುದಿಗೆ ಬಡಿದು, ಅದೇ ಚುಕ್ಕೆಗಳ ಮೇಲೆ ಹಿಂದಕ್ಕೆ ಬಂದು, ಸ್ಟಿಕ್ಕಿನ ಮೂತಿಗೇ ಮುಟ್ಟಬೇಕು. ಅಷ್ಟೇ. ಮತ್ತೆ ಅದನ್ನೇ.

"ಇಷ್ಟೊಂದು ಚೆಂಡು ಇಟ್ಕೊಂಡು ಒಂದರಲ್ಲೇ ಏನ್ರೀ ಆಟ?" ಎಂದು ಕಾಫಿ ಕೊಡುವಾಗ ರೇಗಿಸುತ್ತಿದ್ದೆ.

"ಬೇರೆ ಚೆಂಡು ಇದ್ರೆ ಅದರ ಮೇಲೆ ತಪ್ಪು ಹಾಕಬಹುದು ಕಣೇ. ಇಲ್ಲಿ ವಂಕ ಹೋಯ್ತು ಅಂದ್ರೆ ವಂಕ ನಾನೇ." ಸೊಟ್ಟಗೆ ಹೋದದ್ದೆಲ್ಲ ಅವರ ಬಾಯಲ್ಲಿ ವಂಕ.

ಇಂಥದ್ದೇ ಒಂದು ಬೆಳಿಗ್ಗೆ ಅವರು ಟೇಬಲ್ಲಿನ ಪಕ್ಕದಲ್ಲಿ ಕುಸಿದು ಬಿದ್ದರು. ಲಕ್ವ. ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಬೇಗ ಕರೆದುಕೊಂಡು ಬಂದಿರಿ ಎಂದು ನನ್ನ ಬೆನ್ನು ತಟ್ಟಿದರು. ಮಾತು ಉಳಿಯಿತು. ಕಾಲು ನಿಧಾನಕ್ಕೆ ಹದಕ್ಕೆ ಬಂತು, ಮನೆಯೊಳಗೆ ಗೋಡೆ ಹಿಡಿಯದೆ ಓಡಾಡುವಷ್ಟು. ಎಡಗೈ ಮಾತ್ರ ಅರ್ಧ ದಾರಿಯಲ್ಲೇ ನಿಂತಿತು. ಬೆರಳು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ನಡುಗುತ್ತದೆ.

ಎಡಗೈ ತಾನೇ, ಊಟ ಬಲಗೈಯಲ್ಲಿ, ಸಹಿ ಬಲಗೈಯಲ್ಲಿ ಎಂದು ನೆಂಟರೆಲ್ಲ ಸಮಾಧಾನ ಹೇಳಿಹೋದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಹಳೇ ಹುಳು ಮನೆಯ ಕಡೆ ಮಾತ್ರ ಹೋಗಲಿಲ್ಲ. ಹಿತ್ತಲಿಗೆ ಬಂದರೂ ಆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮಾತು ಉಳಿದಿದ್ದರೂ ಮಾತಾಡುತ್ತಿರಲಿಲ್ಲ. ನನಗೆ ಆ ಮೌನ ಲಕ್ವಕ್ಕಿಂತ ಹೆಚ್ಚಿನ ಹೆದರಿಕೆ ಹುಟ್ಟಿಸಿತು. ನನಗೆ ಬೇಕಾಗಿದ್ದುದು ಒಂದೇ, ಅವರು ಮತ್ತೆ ಆ ಬಾಗಿಲು ದಾಟಬೇಕು. ಹೇಗೆ ಎಂಬುದು ಗೊತ್ತಿರಲಿಲ್ಲ.

ದಾಟಿಸಿದ್ದು ನಮ್ಮತ್ತೆ, ಅದೂ ಗೊತ್ತಿಲ್ಲದೆ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಹುಳು ಮನೆಗೆ ಬ್ಲೀಚಿಂಗ್ ಪುಡಿಯನ್ನೂ ಸುಣ್ಣವನ್ನೂ ಬೆರೆಸಿ ಚೆಲ್ಲುತ್ತೇವೆ. ಹುಳುವಿಗೆ ರೋಗ ಬಿದ್ದ ಮನೆಯಾದರೆ ಇನ್ನೂ ಜಾಸ್ತಿ. ನಾನು ಹೊಸ ಹುಳು ಮನೆಗೆ ಚೆಲ್ಲಿ ಸ್ನಾನಕ್ಕೆ ಹೋಗಿದ್ದೆ. ಅತ್ತೆ ಉಳಿದ ಪುಡಿಯನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಹಳೆಯದಕ್ಕೆ ಹೋಗಿ, ನೆಲ, ಗೋಡೆ, ಮೂಲೆ ಎಲ್ಲ ಮುಗಿಸಿ, ಟೇಬಲ್ಲಿಗೂ ಕೈತುಂಬ ಎರಚಿಬಿಟ್ಟಿದ್ದರು. ಮೇಲೆ ನೀರನ್ನೂ ಚಿಮುಕಿಸಿದ್ದರು. ನಾನು ಹೋಗಿ ನೋಡುವ ಹೊತ್ತಿಗೆ ಹಸಿರು ಬಟ್ಟೆಯ ಮೇಲೆ ಬಿಳಿ ಬೆಟ್ಟಗುಡ್ಡ.

ನಾನು ಕಿರುಚಿದ್ದು ಊರಿಗೆಲ್ಲ ಕೇಳಿಸಿರಬೇಕು. ನನಗೆ ಕೋಪ ಬಂದರೆ ದನಿ ತಗ್ಗಿಸುವುದು ತಿಳಿಯದು. ಆ ಕೂಗಿಗೆ ಇವರು ಏನೋ ಆಯಿತೆಂದು ಕಾಲೆಳೆದುಕೊಂಡು ಬಂದು, ಯೋಚಿಸದೆ ಬಾಗಿಲು ದಾಟಿ ಒಳಗೆ ನಿಂತರು.

"ಅದ್ಯಾಕೆ ಅಂಗೆ ಅರಚ್ತೀಯಮ್ಮಾ?" ಎಂದರು ಅತ್ತೆ. "ಕಾಯಿಲೆ ಬಿದ್ದ ಜಾಗಕ್ಕೆ ಪುಡಿ ಹಾಕ್ದೆ ಇದ್ರೆ ಮತ್ತೆ ಬರಲ್ವಾ? ನನ್ ಮಗ ಇಲ್ಲೇ ಅಲ್ವಾ ಬಿದ್ದಿದ್ದು?"

ಹುಳು ಸಾಕಿ ಮುದುಕಿಯಾದ ಹೆಂಗಸು, ಮಗನ ರೋಗ ಮರಳದಿರಲಿ ಎಂದು ತನಗೆ ಗೊತ್ತಿದ್ದ ಒಂದೇ ಔಷಧಿಯನ್ನು ಅವನು ಬಿದ್ದ ಜಾಗಕ್ಕೆಲ್ಲ ಹಾಕಿದ್ದರು. ಇವರು ತಾಯಿಯ ಬಿಳಿಯಾದ ಕೈಗಳನ್ನು ನೋಡಿದರು, ಟೇಬಲ್ಲನ್ನು ನೋಡಿದರು. "ಇನ್ನು ಬರಲ್ಲ ಬಿಡಮ್ಮಾ," ಎಂದು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೇಳಿದ ಮೊದಲ ನಗು ಅದು. ನಾನು ಪರದೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಪುಡಿಯನ್ನು ಬ್ರಷ್ಷಿನಲ್ಲಿ ತೆಗೆದೆ. ಬಟ್ಟೆ ಉಳಿಯಿತು. ಆದರೆ ಅತ್ತೆಯ ಮೊದಲ ಹಿಡಿ ಬಿದ್ದ ಕಡೆ, ಟೇಬಲ್ಲಿನ ನಡುವೆ, ಸಣ್ಣ ರಾಗಿ ರೊಟ್ಟಿಯಗಲ ಬಣ್ಣ ಹೋಗಿ ಹಳದಿಗೆ ತಿರುಗಿತ್ತು. ಚೆಂಡು ಅಲ್ಲಿ ಸರಿಯಾಗಿ ಹಾಯುತ್ತದೋ ಇಲ್ಲವೋ ನೋಡೋಣವೆಂದು ಸ್ಟಿಕ್ಕು ತೆಗೆದುಕೊಂಡು ಬಿಳಿ ಚೆಂಡಿಗೆ ಒಂದು ಏಟು ಕೊಟ್ಟೆ. ಅದು ಚುಕ್ಕೆಗಳನ್ನು ಬಿಟ್ಟು ಓರೆಯಾಗಿ ಹೋಗಿ ಮೂಲೆಯ ಪಾಕೆಟ್ಟಿಗೆ ಬಿತ್ತು.

"ಅದು ಸೌದೆ ಕೆದಕೋ ಕೋಲಲ್ಲ," ಎಂದರು ಇವರು ಹಿಂದಿನಿಂದ.

ಹಾಗೆ ಶುರುವಾಯಿತು. ನಾನು ಟೇಬಲ್ಲಿನ ಹತ್ತಿರ, ಅವರು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮೊದಲು ಬರೀ ಬಿಳಿ ಚೆಂಡು, ಚುಕ್ಕೆಗಳ ಮೇಲೆ ಹೋಗಿ ಬರುವುದು. ನನ್ನದು ಹೋಗುತ್ತಿತ್ತು, ಬರುತ್ತಿರಲಿಲ್ಲ, ಎಲ್ಲೆಲ್ಲೋ ಅಲೆಯುತ್ತಿತ್ತು. "ಚೆಂಡಿನ ನಡುವೆ ತಾಕಲಿಲ್ಲ, ಅದಕ್ಕೇ ತಿರುಗಿಕೊಳ್ತಿದೆ," ಎನ್ನುತ್ತಿದ್ದರು. ಹೊಡೆದ ತಕ್ಷಣ ನಾನು ಎದ್ದು ನಿಂತು ಚೆಂಡು ಎಲ್ಲಿ ಹೋಯಿತೆಂದು ನೋಡುತ್ತಿದ್ದೆ. ಅದಕ್ಕೆ ಸಿಗುತ್ತಿದ್ದ ಬೈಗುಳವೇ ಜಾಸ್ತಿ. "ಏಳಬೇಡ. ಬಿಳಿ ಚೆಂಡು ವಾಪಸ್ ಬರೋವರೆಗೂ ಕೈ ತೆಗೀಬೇಡ."

ಆ ಹಳದಿ ಮಚ್ಚೆಯೂ ಪಾಠಕ್ಕೆ ಬಂತು. ಚೆಂಡು ಆಚೆ ತುದಿಗೆ ಬಡಿದು ಬಂದು ಸರಿಯಾಗಿ ಮಚ್ಚೆಯ ಮೇಲೆ ನಿಲ್ಲಬೇಕು, ಮುಂದಕ್ಕೂ ಅಲ್ಲ ಹಿಂದಕ್ಕೂ ಅಲ್ಲ. ಎಷ್ಟು ಬಲ ಹಾಕಬೇಕೆಂಬುದು ಅದರಿಂದ ಕೈಗೆ ಹತ್ತುತ್ತದೆ. ಅವರು ಅದಕ್ಕೆ ಅಮ್ಮನ ಗುರುತು ಎಂದು ಹೆಸರಿಟ್ಟರು. ಅತ್ತೆ ಒಮ್ಮೊಮ್ಮೆ ಕಾಲು ತೊಳೆದು ಒಳಗೆ ಬಂದು, ಚೆಂಡು ಅಲ್ಲಿ ನಿಂತರೆ ತಮ್ಮದೇ ಗೆಲುವೆಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಸ್ವಲ್ಪ ಕೈ ಕುದುರಿದ್ದೇ ತಡ, ನನಗೆ ಬಣ್ಣದ ಚೆಂಡುಗಳ ಮೇಲೆ ಆಸೆ. ಕೆಂಪು ಚೆಂಡುಗಳನ್ನು ಟೇಬಲ್ಲಿನ ನಡುವೆ ಉದ್ದಕ್ಕೆ ಸಾಲಾಗಿ ಇಟ್ಟು, ಬೇಕಾದ್ದನ್ನು ಮೊದಲು ಪಾಕೆಟ್ಟಿಗೆ ಹಾಕುತ್ತ ಪೂರಾ ಸಾಲನ್ನು ಖಾಲಿ ಮಾಡುವುದು ಅವರ ಹಳೇ ಅಭ್ಯಾಸಗಳಲ್ಲಿ ಒಂದು. ಅದನ್ನು ಇವತ್ತೇ ಆಡುತ್ತೇನೆಂದು ಡಬ್ಬ ತೆಗೆದೆ.

"ಹುಳ ಎಲ್ಲಾ ಜ್ವರದಿಂದ ಏಳೋ ಮುಂಚೆ ಸೊಪ್ಪು ಹಾಕ್ತೀಯಾ ನೀನು?" ಎಂದು ಕೇಳಿದರು.

ಹಾಕುವುದಿಲ್ಲ. ಮೊದಲು ಎದ್ದವು ಹಸಿದಿದ್ದರೂ ಕೊನೆಯವು ಏಳುವತನಕ ಕಾಯುತ್ತೇವೆ. ಇಲ್ಲದಿದ್ದರೆ ಒಂದೇ ತಟ್ಟೆಯಲ್ಲಿ ದೊಡ್ಡವು ಸಣ್ಣವು ಆಗಿ ಬೆಳೆ ಕೆಡುತ್ತದೆ. ನನ್ನ ಕಸುಬನ್ನು ನನಗೇ ತಿರುಗಿಸಿ ಹೇಳಿದ ಮೇಲೆ ಇನ್ನೇನು ಮಾಡಲಿ, ಡಬ್ಬ ಮುಚ್ಚಿದೆ.

ಹೀಗೆ ಕಲಿಯುತ್ತ ಕಲಿಯುತ್ತ ನನಗೆ ಒಂದು ವಿಷಯ ಅರ್ಥವಾಯಿತು. ಅವರು ಬಲಗೈ ಬಗ್ಗೆ ಹೆಚ್ಚು ಮಾತೇ ಆಡುತ್ತಿರಲಿಲ್ಲ. ಹೇಳುವುದೆಲ್ಲ ಎಡಗೈಯದು. ಅಂಗೈ ಬಟ್ಟೆಗೆ ಒತ್ತಲಿ, ಬೆರಳು ಹರಡು, ಹೆಬ್ಬೆರಳು ಎತ್ತಿ ಸ್ಟಿಕ್ಕಿಗೆ ದಾರಿ ಮಾಡು, ಆ ಕೈ ಅಲುಗಿದರೆ ಎಲ್ಲಾ ಹೋಯಿತು. ಎಡಗೈ ತಾನೇ ಎಂದು ಸಮಾಧಾನ ಹೇಳಿದ ನಮಗೆ ಯಾರಿಗೂ ಗೊತ್ತಿರಲಿಲ್ಲ, ಈ ಆಟ ನಿಂತಿರುವುದೇ ಆ ಕೈಯ ಮೇಲೆ. ಹೇಳುವಾಗ ಅವರ ಎಡಗೈ ತೊಡೆಯ ಮೇಲೆ ಬೆರಳು ಹರಡಲು ನೋಡುತ್ತಿತ್ತು. ಅದನ್ನು ಕಂಡಾಗಲೆಲ್ಲ ನಾನು ನನ್ನ ಬೆರಳನ್ನು ಇನ್ನಷ್ಟು ಅಗಲಕ್ಕೆ ಹರಡುತ್ತಿದ್ದೆ.

ಭಾಯ್‌ಗೆ ಅದು ಮೊದಲೇ ಗೊತ್ತಿತ್ತು. ಅವರು ಒಂದು ಭಾನುವಾರ ಬಂದರು, ಅತ್ತರಿಲ್ಲದೆ, ಕೈಯಲ್ಲಿ ಉದ್ದನೆಯ ಕೋಲು ಹಿಡಿದು. ತುದಿಯಲ್ಲಿ ಹಿತ್ತಾಳೆಯ ಅಡ್ಡಪಟ್ಟಿ ಇತ್ತು. ಕೈಗೆ ಎಟುಕದ ಚೆಂಡು ಹೊಡೆಯುವಾಗ ಕೈಯ ಬದಲು ಅದನ್ನು ಊರಿ ಅದರ ಮೇಲೆ ಸ್ಟಿಕ್ಕು ಇಡುತ್ತಾರೆ. ರೆಸ್ಟ್ ಎಂದು ಹೆಸರು. "ಅಣ್ಣಾ, ಇದನ್ನ ಭಾಭಿ ಹಿಡ್ಕೊಳ್ಲಿ. ನೀವು ಒಂದೇ ಕೈಯಲ್ಲಿ ಹೊಡೀರಿ. ಒಂದು ಗೇಮ್ ಆಡಣ."

ಇವರು ಅದನ್ನು ಮುಟ್ಟಲೂ ಇಲ್ಲ. "ಎಟುಕದೇ ಇರೋ ಚೆಂಡಿಗೆ ಅದು. ನನ್ನ ಮೂಗಿನ ಕೆಳಗಿರೋ ಚೆಂಡಿಗೆ ಅಲ್ಲ," ಎಂದು ಕುರ್ಚಿಯಿಂದ ಎದ್ದು ಮನೆಯೊಳಗೆ ಹೋದರು. ಭಾಯ್ ರೆಸ್ಟನ್ನು ಮೂಲೆಗೆ ಒರಗಿಸಿ ಟೇಬಲ್ಲಿನ ಮರದ ಮೇಲೆ ಕೈಯಾಡಿಸಿದರು. ಕಾಫಿಯನ್ನೂ ಕುಡಿಯಲಿಲ್ಲ. "ಬೇಜಾರು ಮಾಡ್ಕೋಬೇಡಿ ಭಾಯ್," ಎಂದೆ. "ಬೇಜಾರು ಅವರ ಮೇಲೆ ಅಲ್ಲ ಭಾಭಿ, ಇದನ್ನ ತಂದ ನನ್ನ ಮೇಲೆ," ಎಂದರು.

ಮತ್ತೆ ಎಲ್ಲ ಕೆಡುತ್ತದೆ, ಇವರು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ ಎಂದು ಹೆದರಿದೆ. ಹಾಗಾಗಲಿಲ್ಲ. ಮುಂದಿನ ಬೆಳೆಯ ಹುಳುಗಳು ಜ್ವರಕ್ಕೆ ಕೂತ ಬೆಳಿಗ್ಗೆ ನಾನು ಹಳೇ ಹುಳು ಮನೆಗೆ ಹೋದಾಗ ಹಿಂದೆಯೇ ಬಂದು ಕುರ್ಚಿಯಲ್ಲಿ ಕೂತರು. ನಾನು ಬಿಳಿ ಚೆಂಡನ್ನು ಗೆರೆಯ ಮೇಲಿಟ್ಟು ಹೊಡೆದೆ. ಚುಕ್ಕೆಗಳ ಮೇಲೇ ಹೋಯಿತು, ಚುಕ್ಕೆಗಳ ಮೇಲೇ ಬಂತು, ಸ್ಟಿಕ್ಕಿನ ಮೂತಿಗೆ ಟಕ್ ಎಂದಿತು. ನಾನು ಎದ್ದಿರಲಿಲ್ಲ. ಕೈ ತೆಗೆದಿರಲಿಲ್ಲ.

ಭೇಷ್ ಅನ್ನುತ್ತಾರೆಂದು ತಿರುಗಿ ನೋಡಿದರೆ ಅವರ ಕಣ್ಣು ಚೆಂಡಿನ ಮೇಲಿರಲಿಲ್ಲ, ಬಟ್ಟೆಯ ಮೇಲೆ ಊರಿದ್ದ ನನ್ನ ಎಡಗೈ ಮೇಲಿತ್ತು.

ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಹೇಳುವ ಧೈರ್ಯ ಬರುತ್ತಿರಲಿಲ್ಲ. "ಬನ್ರೀ. ಸ್ಟಿಕ್ ನಿಮ್ಮದು, ಕೈ ನಂದು," ಎಂದೆ.

"ಅದು ಫೌಲ್ ಕಣೇ."

"ನಮ್ಮ ಹುಳು ಮನೇಲಿ ಅತ್ತೆ ಹೇಳಿದ್ದೇ ಕಾನೂನು. ಅವ್ರನ್ನ ಕರೀಲಾ?"

ಅವರು ಎದ್ದು ಬಂದರು. ಹೊಟ್ಟೆಯನ್ನು ಟೇಬಲ್ಲಿನ ಮರಕ್ಕೆ ಆನಿಸಿ ಬಗ್ಗಿದರು. ನಾನು ಅವರ ಎಡಕ್ಕೆ, ಭುಜಕ್ಕೆ ಭುಜ ತಾಗಿಸಿ ಬಗ್ಗಿ, ಬಿಳಿ ಚೆಂಡಿನ ಹಿಂದೆ ಅಂಗೈ ಒತ್ತಿ, ಬೆರಳು ಹರಡಿ, ಹೆಬ್ಬೆರಳು ಎತ್ತಿದೆ. ಸ್ಟಿಕ್ಕು ನನ್ನ ಹೆಬ್ಬೆರಳ ಸಂದಿಗೆ ಬಂದು ಕೂತಿತು. ಹಿಂದಕ್ಕೆ ಮುಂದಕ್ಕೆ ಅದು ಜಾರುವುದು ನನ್ನ ಚರ್ಮಕ್ಕೆ ಗೊತ್ತಾಗುತ್ತಿತ್ತು. ಅವರ ಉಸಿರು ಕಿವಿಯ ಹತ್ತಿರವೇ ಕೇಳುತ್ತಿತ್ತು. ನನ್ನ ಕೈ ಅಲುಗದಿರಲಿ ಎಂದು ಮಾತ್ರ ಬೇಡಿಕೊಂಡೆ.

ಹೊಡೆದರು. ಚೆಂಡು ಚುಕ್ಕೆಗಳ ಮೇಲೆ ಹೋಯಿತು. ಆಚೆ ತುದಿಗೆ ಬಡಿದು, ಅಮ್ಮನ ಗುರುತನ್ನು ದಾಟಿ, ತುಸು ವಾಲಿಕೊಂಡು ನಿಧಾನವಾಗಿ ಬಂತು. ಸ್ಟಿಕ್ಕಿನ ಮೂತಿಯನ್ನು ತಪ್ಪಿಸಿ ನನ್ನ ಕಿರುಬೆರಳಿಗೆ ಮೆತ್ತಗೆ ತಾಗಿ ನಿಂತಿತು.

"ವಂಕ ಬಂತು," ಎಂದರು. ನಾನು ಅವರ ಮುಖ ನೋಡೋಣವೆಂದು ಏಳಲು ಹೋದೆ.

"ಕೈ ತೆಗೀಬೇಡ ಕಣೇ," ಎಂದರು. "ಇನ್ನೊಂದು ಸಲ."